ಡಿಮೆನ್ಷಿಯಾ ಬರುತ್ತಾ ಇಲ್ಲವಾ ಎಂದು ಮೊದಲೇ ಹೇಳಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ನಿಮಿಷ ಹುಡುಕಿದ ಕನ್ನಡಕ ಕೊನೆಗೆ ತಲೆಯ ಮೇಲೇ ಸಿಕ್ಕರೆ ನಗು ಬರುತ್ತದೆ. 60 ದಾಟಿದ ಮೇಲೆ ಆ ನಗುವಿನ ಜೊತೆ ಸಣ್ಣದೊಂದು ಅಳುಕೂ ಸೇರಿಕೊಳ್ಳುತ್ತದೆ. ಶುರುವಾಯಿತಾ? ಕೆಳಗಿನ ಪ್ರಶ್ನೆಗಳೆಲ್ಲ ಈ ಅಳುಕಿನಿಂದಲೇ ಹುಟ್ಟಿದವು. ಉತ್ತರಗಳು ನಿಮ್ಮ ಡಾಕ್ಟರ ಸಲಹೆಯ ಬದಲಿಗೆ ಅಲ್ಲ. ಸಂಶೋಧನೆ ಏನು ಹೇಳುತ್ತಿದೆ, ಅದರ ಅಂಕಿಗಳನ್ನು ಹೇಗೆ ಓದಬೇಕು ಎಂದು ಬಿಡಿಸಿಟ್ಟಿದ್ದೇನೆ, ಅಷ್ಟೆ.

ಡಿಮೆನ್ಷಿಯಾ, ಆಲ್ಝೈಮರ್, ಅರಳುಮರಳು ಎಲ್ಲಾ ಒಂದೇನಾ?

ಅಲ್ಲ. ಡಿಮೆನ್ಷಿಯಾ ಎನ್ನುವುದು ಜ್ವರ ಎಂದ ಹಾಗೆ. ಜ್ವರಕ್ಕೆ ಹತ್ತು ಕಾರಣ ಇರುತ್ತವೆ, ಇದಕ್ಕೂ ಹಾಗೆಯೇ. ನೆನಪು, ಮಾತು, ಲೆಕ್ಕ, ದಾರಿಯ ಗುರುತು, ಸರಿ ತಪ್ಪು ತೂಗುವ ಶಕ್ತಿ ಇವೆಲ್ಲ ಕುಗ್ಗಿ, ದಿನದ ಕೆಲಸವನ್ನು ಒಬ್ಬರೇ ನಿಭಾಯಿಸಲು ಆಗದ ಮಟ್ಟಕ್ಕೆ ಬಂದರೆ ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅದಕ್ಕೆ ಅತಿ ಸಾಮಾನ್ಯ ಕಾರಣ ಆಲ್ಝೈಮರ್ ಕಾಯಿಲೆ. 100ರಲ್ಲಿ 60ರಿಂದ 70 ಜನರಲ್ಲಿ ಅದರ ಪಾಲು ಇರುತ್ತದೆ. ಮಿದುಳಿನ ರಕ್ತನಾಳಗಳು ಹಾಳಾಗಿ ಬರುವುದು ಇನ್ನೊಂದು. ಲೆವಿ ಬಾಡಿ, ಫ್ರಂಟೋಟೆಂಪೊರಲ್ ಎಂಬ ಬಗೆಗಳೂ ಇವೆ. ತೀರಾ ವಯಸ್ಸಾದವರ ಮಿದುಳಿನಲ್ಲಿ ಎರಡು ಮೂರು ಕಾರಣ ಒಟ್ಟಿಗೇ ಇರುವುದು ಮಾಮೂಲು.

'ಅರವತ್ತಕ್ಕೆ ಅರಳುಮರಳು' ಎಂಬ ಮಾತು ಇದೆಯಲ್ಲ, ಅದರ ಮೇಲೆ ನನಗೆ ಸ್ವಲ್ಪ ತಕರಾರಿದೆ. ವಯಸ್ಸಾದರೆ ಇದೆಲ್ಲ ಇದ್ದಿದ್ದೇ ಎಂದು ಅದು ಕೈ ತೊಳೆದುಕೊಂಡುಬಿಡುತ್ತದೆ. 90 ದಾಟಿಯೂ ಚುರುಕಾಗಿರುವವರು ಬೇಕಾದಷ್ಟು ಜನ ಇದ್ದಾರೆ.

ಎಷ್ಟು ಜನಕ್ಕೆ ಬರುತ್ತದೆ? ಜಾಸ್ತಿ ಆಗುತ್ತಿದೆಯಾ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 5.7 ಕೋಟಿ ಜನರಿಗೆ ಡಿಮೆನ್ಷಿಯಾ ಇತ್ತು. ವರ್ಷಕ್ಕೆ ಸುಮಾರು 1 ಕೋಟಿ ಹೊಸಬರು ಸೇರುತ್ತಾರೆ. 65ರ ನಂತರ ಸುಮಾರು ಐದು ವರ್ಷಕ್ಕೊಮ್ಮೆ ಅಪಾಯ ದುಪ್ಪಟ್ಟಾಗುತ್ತಾ ಹೋಗುತ್ತದೆ.

ಒಟ್ಟು ಸಂಖ್ಯೆ ಏರುತ್ತಿರುವುದು ನಿಜ, ಏಕೆಂದರೆ ವಯಸ್ಸಾದವರೇ ಜಾಸ್ತಿ ಆಗುತ್ತಿದ್ದಾರೆ. ಆದರೆ ಇಲ್ಲಿ ಒಂದು ಸ್ವಾರಸ್ಯ ಇದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಿಂದ ಊರಿನವರ ಹೃದಯದ ಆರೋಗ್ಯ ನೋಡುತ್ತಾ ಬಂದಿದ್ದಾರೆ. 2016ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದೇ ವಯಸ್ಸಿನವರನ್ನು ಹೋಲಿಸಿದರೆ ಹೊಸದಾಗಿ ಡಿಮೆನ್ಷಿಯಾ ಬರುವ ಪ್ರಮಾಣ ದಶಕಕ್ಕೆ ಸುಮಾರು ಶೇ. 20ರಷ್ಟು ಇಳಿಯುತ್ತಾ ಬಂದಿದೆ. ಅದೂ ಕನಿಷ್ಠ ಹೈಸ್ಕೂಲು ಮುಗಿಸಿದವರಲ್ಲಿ ಮಾತ್ರ. ಈ ಕಾಯಿಲೆ ಬರದಂತೆ ತಡೆಯುವ ಯಾವ ಔಷಧಿಯೂ ಇರಲಿಲ್ಲ. ಆದರೂ ಇಳಿಯಿತು. ಅಂದಮೇಲೆ ಬದುಕಿನಲ್ಲಿ ಏನೋ ಬದಲಾಗಿರಬೇಕು, ಅಲ್ವಾ? ಅಪಾಯದ ಅಂಶಗಳ ಬಗ್ಗೆ ಇಷ್ಟೊಂದು ಹುಡುಕಾಟ ನಡೆಯುವುದು ಈ ಆಸೆಯಿಂದಲೇ.

ಲಕ್ಷಣಗಳು ಕಾಣುವ ಮೊದಲೇ ಕಾಯಿಲೆ ಇರುತ್ತದೆಯೇ?

ಇರುತ್ತದೆ, ಅದೂ ಬಹಳ ಮೊದಲೇ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್, ತೀರಿಕೊಂಡ ರೋಗಿಯೊಬ್ಬರ ಮಿದುಳಿನಲ್ಲಿ ಎರಡು ವಿಚಿತ್ರ ವಸ್ತುಗಳನ್ನು ಕಂಡು ಅದರ ಬಗ್ಗೆ ಮಾತಾಡಿದರು. ನರಕೋಶಗಳ ಹೊರಗೆ ಗಟ್ಟಿಯಾದ ಗಸಿ, ಒಳಗೆ ಸಿಕ್ಕುಗಟ್ಟಿದ ಎಳೆ. ಗಸಿ ಅಮಿಲಾಯ್ಡ್ ಎಂಬ ಪ್ರೊಟೀನಿನದು, ಎಳೆ ಟೌ ಎಂಬ ಪ್ರೊಟೀನಿನದು ಎಂದು ಗೊತ್ತಾಗಲು ಮುಂದೆ ಬಹಳ ವರ್ಷ ಹಿಡಿಯಿತು. ಮರೆವು ಎದ್ದು ಕಾಣುವುದಕ್ಕೆ 15ರಿಂದ 20 ವರ್ಷ ಮೊದಲೇ ಅಮಿಲಾಯ್ಡ್ ಸೇರಲು ಶುರುವಾಗುತ್ತದೆ. ಮುನ್ಸೂಚನೆ ಕೊಡಬಹುದು ಎಂಬ ಮಾತಿಗೆ ಬಲ ಬಂದಿದ್ದೇ ಈ ಉದ್ದನೆಯ ಗುಟ್ಟಿನ ಅವಧಿಯಿಂದ.

ಹಾಗಾದರೆ ಸ್ಕ್ಯಾನ್ ಮಾಡಿ ಗಸಿ ಇದೆಯಾ ನೋಡಿದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಕಾರಣ ತಿಳಿಯಬೇಕಾದರೆ 678 ಸನ್ಯಾಸಿನಿಯರ ಕಥೆ ಕೇಳಬೇಕು.

1986ರಲ್ಲಿ ಡೇವಿಡ್ ಸ್ನೋಡನ್ ಎಂಬ ಸಂಶೋಧಕ ಅಮೆರಿಕದ ಕ್ಯಾಥೋಲಿಕ್ ಮಠಗಳ ಸಿಸ್ಟರ್‌ಗಳ ಬಗ್ಗೆ ಅಧ್ಯಯನ ಶುರು ಮಾಡಿದರು. ಸಂಶೋಧಕರಿಗೆ ಇದು ಚಿನ್ನದಂಥ ಗುಂಪು. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಊಟ, ಒಂದೇ ದಿನಚರಿ, ಒಂದೇ ಥರದ ಮನೆ. ಧೂಮಪಾನದ ಮಾತೇ ಇಲ್ಲ. ಸೇರಿದ 678 ಮಂದಿ ಪ್ರತಿ ವರ್ಷ ಪರೀಕ್ಷೆಗೆ ಕೂರಲು ಒಪ್ಪಿದರು, ಸತ್ತ ಮೇಲೆ ಮಿದುಳನ್ನು ದಾನ ಕೊಡಲೂ ಒಪ್ಪಿದರು.

ಎರಡು ಸಂಗತಿ ಹೊರಬಂದವು. ಮೊದಲನೆಯದು: ಕೆಲವರ ಮಿದುಳಿನ ತುಂಬ ಗಸಿ, ಸಿಕ್ಕು. ಆದರೆ ಬದುಕಿದ್ದಾಗ ಅವರು ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಉತ್ತರ ಕೊಟ್ಟಿದ್ದರು. ಇನ್ನು ಕೆಲವರ ಮಿದುಳಿನಲ್ಲಿ ಹಾನಿ ಅಷ್ಟೇ ಇದ್ದರೂ, ಸಣ್ಣ ಸಣ್ಣ ಸ್ಟ್ರೋಕ್ ಸೇರಿಕೊಂಡಿದ್ದಕ್ಕೆ ಮರೆವು ಜೋರಾಗಿತ್ತು. ಎರಡನೆಯದು ಇನ್ನೂ ಕುತೂಹಲದ್ದು. ಮಠ ಸೇರುವಾಗ, ಸರಾಸರಿ 22ನೇ ವಯಸ್ಸಿನಲ್ಲಿ, ಅವರು ಬರೆದುಕೊಟ್ಟಿದ್ದ ಆತ್ಮಕಥೆಯ ಪುಟಗಳು ಕಪಾಟಿನಲ್ಲಿ ಹಾಗೇ ಉಳಿದಿದ್ದವು. ಒಂದೊಂದು ವಾಕ್ಯದಲ್ಲಿ ಎಷ್ಟು ವಿಚಾರ ಅಡಕವಾಗಿದೆ ಎಂದು ಎಣಿಸಿದರು. ತೀರಾ ಸಪ್ಪೆಯಾಗಿ ಬರೆದಿದ್ದವರಲ್ಲೇ ಅರುವತ್ತು ವರ್ಷದ ನಂತರ ಆಲ್ಝೈಮರ್ ಬಹಳ ಹೆಚ್ಚಾಗಿ ಕಂಡಿತು. ಸಪ್ಪೆ ಬರವಣಿಗೆಯಿಂದ ಕಾಯಿಲೆ ಬಂತು ಎಂದು ಇದರರ್ಥವಲ್ಲ. ಚಿಕ್ಕಂದಿನಿಂದ ಮಿದುಳಿನಲ್ಲಿ ಕೂಡಿಟ್ಟ ಗಂಟು ಚಿಕ್ಕದಿತ್ತೋ, ಅಥವಾ ಕಾಯಿಲೆಯ ನೆರಳು ಆಗಲೇ ಬಿದ್ದಿತ್ತೋ. ಈ ವಾದ ಇನ್ನೂ ಮುಗಿದಿಲ್ಲ.

ಮಿದುಳಿನ ಈ ಗಂಟಿಗೆ ಸಂಶೋಧಕರು ಕಾಗ್ನಿಟಿವ್ ರಿಸರ್ವ್ ಎನ್ನುತ್ತಾರೆ. ಗಸಿ ಇದೆಯಾ ಎಂದು ಸ್ಕ್ಯಾನ್ ಹೇಳಬಲ್ಲದು. ಗಂಟು ಎಷ್ಟಿದೆ ಎಂದು ಹೇಳಲಾರದು.

ರಿಸ್ಕ್ ಸ್ಕೋರ್ ಎಂದರೆ ಏನು? ಹೇಗೆ ಕಟ್ಟುತ್ತಾರೆ?

ಸಾವಿರಾರು ಜನರ ಬಿಪಿ, ತೂಕ, ಕೊಲೆಸ್ಟ್ರಾಲ್, ಓದು, ವಯಸ್ಸು ಎಲ್ಲ ಬರೆದಿಟ್ಟುಕೊಂಡು, ಹತ್ತಿಪ್ಪತ್ತು ವರ್ಷ ಕಾಯುತ್ತಾರೆ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ನೋಡುತ್ತಾರೆ. ಆಮೇಲೆ ಹಿಂದಕ್ಕೆ ಹೋಗಿ, ಯಾವ ಅಂಶಕ್ಕೆ ಎಷ್ಟು ಅಂಕ ಕೊಟ್ಟರೆ ಇಬ್ಬರನ್ನು ಬೇರ್ಪಡಿಸಬಹುದು ಎಂದು ಲೆಕ್ಕ ಹಾಕುತ್ತಾರೆ.

ಹೆಸರಾಂತದ್ದು ಫಿನ್‌ಲೆಂಡಿನ ಕೈಡ್ ಸ್ಕೋರ್. ಮಿಯಾ ಕಿವಿಪೆಲ್ಟೊ ಮತ್ತು ಜೊತೆಯವರು 2006ರಲ್ಲಿ ಪ್ರಕಟಿಸಿದ್ದು. ನಡುವಯಸ್ಸಿನ 1,409 ಜನರನ್ನು ಸುಮಾರು 20 ವರ್ಷದ ನಂತರ ಮತ್ತೆ ಕಂಡು ಮಾಡಿದ ಲೆಕ್ಕ ಅದು. ವಯಸ್ಸು, ಓದಿದ ವರ್ಷಗಳು, ಗಂಡೋ ಹೆಣ್ಣೋ, ಬಿಪಿ, ತೂಕ, ಕೊಲೆಸ್ಟ್ರಾಲ್, ವ್ಯಾಯಾಮ ಇವಿಷ್ಟಕ್ಕೆ ಒಟ್ಟು 15 ಅಂಕ. ಲಕ್ಷಾಂತರ ಜನರ ಆರೋಗ್ಯದ ಮಾಹಿತಿ ಕೂಡಿಟ್ಟಿರುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ದತ್ತಾಂಶದಿಂದ 2023ರಲ್ಲಿ ಇನ್ನೊಂದು ಸ್ಕೋರ್ ಬಂತು. ಅದು ತಂದೆ ತಾಯಿಗೆ ಡಿಮೆನ್ಷಿಯಾ ಇತ್ತಾ, ಶುಗರ್ ಇದೆಯಾ, ಖಿನ್ನತೆ ಇತ್ತಾ, ಸ್ಟ್ರೋಕ್ ಆಗಿತ್ತಾ, ಒಬ್ಬರೇ ವಾಸಿಸುತ್ತೀರಾ, ಬಡತನದ ಪ್ರದೇಶದಲ್ಲಿದ್ದೀರಾ ಎಂದೆಲ್ಲ ಕೇಳುತ್ತದೆ.

ಒಂದು ಒಳಗುಟ್ಟು ಹೇಳಿಬಿಡುತ್ತೇನೆ. ಇಂಥ ಸ್ಕೋರುಗಳು ವಯಸ್ಸಾದವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ ಎಂದಾಗ, ಆ ಕೆಲಸದ ದೊಡ್ಡ ಪಾಲನ್ನು ಮಾಡಿರುವುದು ವಯಸ್ಸೊಂದೇ. 60ರವರಿಗಿಂತ 80ರವರಿಗೆ ಅಪಾಯ ಜಾಸ್ತಿ ಎಂದು ಹೇಳಲು ಕಂಪ್ಯೂಟರು ಬೇಕಿಲ್ಲ. ಹೊಸ ಸ್ಕೋರಿನ ಸುದ್ದಿ ಓದಿದಾಗ ಕೇಳಬೇಕಾದದ್ದು: ಬರೀ ವಯಸ್ಸಿಗೆ ಹೋಲಿಸಿದರೆ ಇದು ಎಷ್ಟು ಹೆಚ್ಚು ಹೇಳುತ್ತದೆ?

ನನ್ನ ಸ್ಕೋರ್ ಜಾಸ್ತಿ ಬಂತು. ಅಂದರೆ ನನಗೆ ಬಂದೇ ಬರುತ್ತದಾ?

ಖಂಡಿತ ಇಲ್ಲ. ಕೈಡ್ ಸ್ಕೋರಿನ ಅಂಕಿಯನ್ನೇ ನೋಡಿ. ತೀರಾ ಕಡಿಮೆ ಅಂಕ ಬಂದವರಲ್ಲಿ 20 ವರ್ಷದಲ್ಲಿ 100ಕ್ಕೆ ಒಬ್ಬರಿಗೆ ಡಿಮೆನ್ಷಿಯಾ ಬಂತು. ತೀರಾ ಹೆಚ್ಚು ಬಂದವರಲ್ಲಿ 100ಕ್ಕೆ ಸುಮಾರು 16 ಜನರಿಗೆ. 'ಅಪಾಯ 16 ಪಟ್ಟು' ಎಂದರೆ ಎದೆ ಧಸಕ್ಕೆನ್ನುತ್ತದೆ. ಅದೇ ಅಂಕಿಯನ್ನು ತಿರುಗಿಸಿ ಓದಿದರೆ, ಅತಿ ಹೆಚ್ಚು ಅಪಾಯದ ಗುಂಪಿನಲ್ಲೂ 84 ಜನರಿಗೆ ಬರಲಿಲ್ಲ. ಎರಡೂ ನಿಜ.

ಇನ್ನೊಂದು ಲೆಕ್ಕ ಮಾಡೋಣ. ಇದು ಉದಾಹರಣೆಗೆ ನಾನೇ ಹಾಕಿಕೊಂಡ ಲೆಕ್ಕ. 1,000 ಜನ ಇದ್ದಾರೆ, ಅವರಲ್ಲಿ 50 ಜನರಿಗೆ ಮುಂದೆ ಬರಲಿದೆ ಎಂದಿಟ್ಟುಕೊಳ್ಳಿ. ನಮ್ಮ ಪರೀಕ್ಷೆ ಬರುವವರಲ್ಲಿ ಶೇ. 80 ಜನರನ್ನು ಹಿಡಿಯುತ್ತದೆ, ಬಾರದವರಲ್ಲಿ ಶೇ. 80 ಜನರನ್ನು ಸರಿಯಾಗಿ ಬಿಡುತ್ತದೆ. ಕೇಳಲು ಒಳ್ಳೆಯ ಪರೀಕ್ಷೆಯೇ. 50ರಲ್ಲಿ 40 ಜನ ಸಿಕ್ಕಿದರು. ಆದರೆ ಉಳಿದ 950ರಲ್ಲಿ ಶೇ. 20 ಎಂದರೆ 190 ಜನ. ಅವರಿಗೂ 'ಅಪಾಯ' ಎಂಬ ಚೀಟಿ ಸಿಕ್ಕಿತು. ಒಟ್ಟು 230 ಚೀಟಿ, ನಿಜವಾದದ್ದು 40. ಚೀಟಿ ಸಿಕ್ಕ ಆರು ಜನರಲ್ಲಿ ಸುಮಾರು ಐದು ಜನ ಸುಮ್ಮನೆ ನಿದ್ದೆ ಕೆಡಿಸಿಕೊಂಡಂತಾಯಿತು.

ಹಾಗಾದರೆ ಸ್ಕೋರ್ ಯಾವುದಕ್ಕೆ ಬೇಕು? ಗುಂಪಿಗೆ ಬೇಕು. ಯಾವ ಸಾವಿರ ಜನರಿಗೆ ಮೊದಲು ಸಹಾಯ ತಲುಪಿಸಬೇಕು, ಯಾರನ್ನು ಪ್ರಯೋಗಕ್ಕೆ ಸೇರಿಸಿದರೆ ಬೇಗ ಉತ್ತರ ಸಿಗುತ್ತದೆ ಎಂದು ತೀರ್ಮಾನಿಸಲು ಅದು ಒಳ್ಳೆಯ ಸಾಧನ. ಒಬ್ಬರ ಹಣೆಬರಹ ಓದಲು ಅದನ್ನು ಮಾಡಿಲ್ಲ.

'ಶೇ. 45 ಡಿಮೆನ್ಷಿಯಾ ತಡೆಯಬಹುದು' ಎಂದು ಎಲ್ಲೆಡೆ ಬರುತ್ತದಲ್ಲ, ಅದು ಏನು?

ಅದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ ಅಂಕಿ. 2017ರಲ್ಲಿ ಅವರು 9 ಅಂಶ ಪಟ್ಟಿ ಮಾಡಿ ಶೇ. 35 ಎಂದರು. 2020ರಲ್ಲಿ 12 ಅಂಶ, ಶೇ. 40. 2024ರಲ್ಲಿ 14 ಅಂಶ, ಶೇ. 45. ಕೊನೆಗೆ ಸೇರಿದ ಎರಡು: ನಡುವಯಸ್ಸಿನ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಮತ್ತು ಚಿಕಿತ್ಸೆ ಸಿಗದ ದೃಷ್ಟಿದೋಷ.

ಪಟ್ಟಿಯಲ್ಲಿ ದೊಡ್ಡ ಪಾಲು ಕಿವಿ ಮಂದವಾಗುವುದಕ್ಕೆ ಮತ್ತು ಎಲ್‌ಡಿಎಲ್‌ಗೆ, ತಲಾ ಶೇ. 7. ಚಿಕ್ಕಂದಿನಲ್ಲಿ ಓದು ಸಿಗದೇ ಹೋಗುವುದು, ಇಳಿವಯಸ್ಸಿನಲ್ಲಿ ಜನರ ಒಡನಾಟ ಇಲ್ಲದಿರುವುದು ತಲಾ ಶೇ. 5. ಖಿನ್ನತೆ, ತಲೆಗೆ ಪೆಟ್ಟು, ಗಾಳಿಯ ಮಾಲಿನ್ಯ ತಲಾ 3. ಬಿಪಿ, ಶುಗರ್, ಧೂಮಪಾನ, ಮೈ ಬಗ್ಗಿಸದ ಬದುಕು, ದೃಷ್ಟಿದೋಷ ತಲಾ 2. ಬೊಜ್ಜು, ಅತಿ ಕುಡಿತ ತಲಾ 1.

ಈ ಅಂಕಿಯನ್ನು ಮೊದಲು ಓದಿದಾಗ ನಾನೂ ತಪ್ಪಾಗಿಯೇ ಓದಿದ್ದೆ. ಎಲ್ಲ ಸರಿ ಮಾಡಿಕೊಂಡರೆ ನನ್ನ ಅಪಾಯ ಶೇ. 45 ಇಳಿಯುತ್ತದೆ ಎಂದುಕೊಂಡಿದ್ದೆ. ಅದು ಹಾಗಲ್ಲ. ಈ 14 ಅಂಶಗಳು ಇಡೀ ಜಗತ್ತಿನಿಂದ ಪೂರ್ತಿ ಅಳಿಸಿಹೋದವು, ಮತ್ತು ಇವೇ ನಿಜವಾದ ಕಾರಣಗಳು ಎಂದು ಒಪ್ಪಿಕೊಂಡರೆ, ಒಟ್ಟು ಪ್ರಕರಣಗಳಲ್ಲಿ ಶೇ. 45ರಷ್ಟು ತಪ್ಪಬಹುದು ಅಥವಾ ಮುಂದೆ ಹೋಗಬಹುದು ಎಂಬ ಅಂದಾಜು. ಸಿಗರೇಟನ್ನೇ ಮುಟ್ಟದವರಿಗೆ ಸಿಗರೇಟಿನ ಪಾಲಿನಿಂದ ಇಳಿಯುವುದು ಏನೂ ಇಲ್ಲ. ಬಿಪಿಗೆ ಬರೀ 2 ಎಂದು ಕಡೆಗಣಿಸುವಂತೆಯೂ ಇಲ್ಲ. ಬಿಪಿ ಜೋರಾಗಿ ಇರುವವರಿಗೆ ಅದು ದೊಡ್ಡದೇ. ಉಳಿದ ಶೇ. 55ರಲ್ಲಿ ವಯಸ್ಸು, ವಂಶವಾಹಿ ಮತ್ತು ಇನ್ನೂ ಪತ್ತೆಯಾಗದ ಕಾರಣಗಳಿವೆ. ಆದ್ದರಿಂದ ಕಾಯಿಲೆ ಬಂದವರನ್ನು ನೋಡಿ 'ಸರಿಯಾಗಿ ಬದುಕಿದ್ದರೆ ಬರುತ್ತಿರಲಿಲ್ಲ' ಎನ್ನುವುದು ಕ್ರೂರ. ಅದು ತಪ್ಪು ಕೂಡ.

ಇವು ಕಾರಣಗಳೋ, ಬರೀ ಗುರುತುಗಳೋ?

ಇಡೀ ಕ್ಷೇತ್ರದ ತಲೆನೋವು ಇದೇ. ಕಾಯಿಲೆ 20 ವರ್ಷ ಮೊದಲೇ ಶುರುವಾಗುತ್ತದೆ ಎಂದೆವಲ್ಲ. ಹಾಗಾದರೆ ಹತ್ತು ವರ್ಷ ಮೊದಲು ಕಂಡದ್ದು ಕಾಯಿಲೆಯ ಕಾರಣವೋ, ಕಾಯಿಲೆಯ ಮೊದಲ ಹೆಜ್ಜೆಯೋ?

ಬ್ರಿಟನ್ನಿನ ಸರ್ಕಾರಿ ನೌಕರರನ್ನು 1985ರಿಂದ ನೋಡುತ್ತಾ ಬಂದ ವೈಟ್‌ಹಾಲ್ ಅಧ್ಯಯನ ಇದಕ್ಕೆ ಒಳ್ಳೆಯ ಕನ್ನಡಿ. ಡಿಮೆನ್ಷಿಯಾ ಬಂದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಾಣಿಸಿದ್ದು ಕಾಯಿಲೆ ಗೊತ್ತಾಗುವ ಸುಮಾರು ಹತ್ತು ಹನ್ನೊಂದು ವರ್ಷ ಮುಂಚಿನಿಂದ. 20 ವರ್ಷ ಹಿಂದಕ್ಕೆ ಹೋದರೆ ಅವರಿಗೂ ಉಳಿದವರಿಗೂ ವ್ಯತ್ಯಾಸ ಇರಲಿಲ್ಲ. ಅಂದರೆ ಇಳಿವಯಸ್ಸಿನ ಖಿನ್ನತೆಯಲ್ಲಿ ಒಂದಷ್ಟು, ಆಗಲೇ ಶುರುವಾದ ಕಾಯಿಲೆಯ ಮುಖವೇ ಇರಬಹುದು. ತೂಕದ್ದೂ ಇದೇ ಕಥೆ. ನಡುವಯಸ್ಸಿನ ಬೊಜ್ಜು ಅಪಾಯ. ಇಳಿವಯಸ್ಸಿನಲ್ಲಿ ನೋಡಿದರೆ ತೆಳ್ಳಗಿರುವವರಿಗೇ ಅಪಾಯ ಎಂಬಂತೆ ಕಾಣುತ್ತದೆ, ಏಕೆಂದರೆ ಕಾಯಿಲೆ ಬರುವ ಎಷ್ಟೋ ವರ್ಷ ಮೊದಲೇ ತೂಕ ಇಳಿಯಲು ಶುರುವಾಗುತ್ತದೆ.

ಗುರುತನ್ನು ಕಾರಣ ಎಂದು ನಂಬಿ ಪೆಟ್ಟು ತಿಂದದ್ದೂ ಇದೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಡಿಮೆನ್ಷಿಯಾ ಕಡಿಮೆ ಎಂದು ಹಿಂದೆ ಹಲವು ಅಧ್ಯಯನಗಳು ಹೇಳಿದ್ದವು. 65 ದಾಟಿದ 4,500ಕ್ಕೂ ಹೆಚ್ಚು ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟರು. 2003ರಲ್ಲಿ ಫಲಿತಾಂಶ ಬಂತು. ಎರಡು ಹಾರ್ಮೋನ್ ಸೇರಿದ ಆ ಮಾತ್ರೆ ತೆಗೆದುಕೊಂಡವರಲ್ಲಿ ಡಿಮೆನ್ಷಿಯಾ ಸುಮಾರು ದುಪ್ಪಟ್ಟಾಗಿತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಮೊದಲಿನಿಂದಲೂ ಹೆಚ್ಚು ಓದಿದವರು, ಅನುಕೂಲಸ್ಥರು, ಮಾತ್ರೆ ಶುರು ಮಾಡಿದ್ದೂ ಚಿಕ್ಕ ವಯಸ್ಸಿನಲ್ಲಿ. ಹಳೆಯ ಅಧ್ಯಯನಗಳಲ್ಲಿ ಕಂಡದ್ದು ಇವುಗಳ ನೆರಳಿರಬಹುದು.

ಕೆಲವೊಮ್ಮೆ ಸರ್ಕಾರದ ನಿಯಮವೇ ಪ್ರಯೋಗ ಮಾಡಿಕೊಡುತ್ತದೆ. ನನಗೆ ತುಂಬ ಇಷ್ಟವಾದ ಕಥೆ ವೇಲ್ಸ್‌ನದು. 2013ರಲ್ಲಿ ಅಲ್ಲಿ ಸರ್ಪಸುತ್ತಿನ ಲಸಿಕೆ ಕೊಡಲು ಶುರು ಮಾಡಿದಾಗ, 2 ಸೆಪ್ಟೆಂಬರ್ 1933ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಅವಕಾಶ, ಒಂದು ದಿನ ಮೊದಲು ಹುಟ್ಟಿದ್ದರೂ ಇಲ್ಲ ಎಂದು ಗೆರೆ ಎಳೆದರು. ಗೆರೆಯ ಆಚೆ ಈಚೆ ಕೆಲವು ವಾರಗಳ ಅಂತರದಲ್ಲಿ ಹುಟ್ಟಿದವರ ನಡುವೆ ಬೇರೆ ಏನು ವ್ಯತ್ಯಾಸ ಇರಲು ಸಾಧ್ಯ? ಏಳು ವರ್ಷದ ದಾಖಲೆ ನೋಡಿದರೆ, ಲಸಿಕೆ ಪಡೆದವರಲ್ಲಿ ಹೊಸ ಡಿಮೆನ್ಷಿಯಾ ಸುಮಾರು ಶೇ. 20 ಕಡಿಮೆ. 2025ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು. ಯಾಕೆ ಹೀಗಾಯಿತು ಎಂಬುದಕ್ಕೆ ಪಕ್ಕಾ ವಿವರಣೆ ಇನ್ನೂ ಸಿಕ್ಕಿಲ್ಲ.

ಬಿಪಿ ಇಳಿಸಿದರೆ ನಿಜವಾಗಿ ಕಡಿಮೆಯಾಗುತ್ತದಾ?

ಇದಕ್ಕೆ ಪುರಾವೆ ಗಟ್ಟಿಯಾಗಿದೆ. ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ ಮೇಲಿನ ಬಿಪಿಯನ್ನು 140ರ ಬದಲು 120ರ ಕೆಳಗೆ ಇಳಿಸಲು ನೋಡಿದರು. 2019ರ ವರದಿಯಲ್ಲಿ, ಡಿಮೆನ್ಷಿಯಾಕ್ಕಿಂತ ಮುಂಚಿನ ಸೌಮ್ಯ ಮರೆವು ಶೇ. 19 ಕಡಿಮೆಯಾಗಿತ್ತು. ಡಿಮೆನ್ಷಿಯಾದಲ್ಲಿ ಕಂಡ ಇಳಿಕೆ ಮಾತ್ರ ಖಚಿತವೆನ್ನುವ ಮಟ್ಟ ಮುಟ್ಟಲಿಲ್ಲ. ಆ ಕೊರತೆಯನ್ನು ಚೀನಾದ ಹಳ್ಳಿಗಳು ತುಂಬಿದವು. 326 ಹಳ್ಳಿಗಳ ಸುಮಾರು 34,000 ಜನ. ಅರ್ಧ ಹಳ್ಳಿಗಳಲ್ಲಿ ಊರಿನ ಆರೋಗ್ಯ ಕಾರ್ಯಕರ್ತರೇ ಬೆನ್ನು ಹತ್ತಿ ಬಿಪಿ ಇಳಿಸಿದರು. ನಾಲ್ಕು ವರ್ಷದಲ್ಲಿ ಡಿಮೆನ್ಷಿಯಾ ಶೇ. 15 ಕಡಿಮೆ. ಇದೂ 2025ರ ಸುದ್ದಿ.

ಕಿವಿ ಮಷಿನ್ ಹಾಕಿಕೊಂಡರೆ?

ಇಲ್ಲಿ ಉತ್ತರ ಅರ್ಧ ಹೌದು, ಅರ್ಧ ಇನ್ನೂ ನೋಡಬೇಕು. ಅಚೀವ್ ಎಂಬ ಪ್ರಯೋಗದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿದರು. ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ಹೃದಯದ ಅಧ್ಯಯನವೊಂದರಿಂದ ಬಂದ, ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಿದುಳಿನ ಸಾಮರ್ಥ್ಯ ಕುಗ್ಗುವ ವೇಗ ಶೇ. 48 ಕಡಿಮೆಯಾಗಿತ್ತು. ಡಿಮೆನ್ಷಿಯಾ ತಪ್ಪುತ್ತದೋ ಬಿಡುತ್ತದೋ, ಕಿವಿ ಕೇಳಿಸಿದರೆ ಮನೆಯವರ ಮಾತಿಗೆ ಸೇರಿಕೊಳ್ಳಬಹುದು. ಅದಕ್ಕಾದರೂ ಹಾಕಿಕೊಳ್ಳಬಹುದು.

ಅಪ್ಪನಿಗೆ ಇತ್ತು. ನನಗೂ ಬರುತ್ತದಾ?

ಎರಡು ಥರದ ವಂಶವಾಹಿ ಇವೆ, ಬೆರೆಸಬೇಡಿ.

ಒಂದು, ಅಪರೂಪದ್ದು. ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಎಂಬ ಮೂರು ಜೀನ್‌ಗಳಲ್ಲಿ ಕೆಲವು ಬದಲಾವಣೆಗಳಿದ್ದರೆ ಕಾಯಿಲೆ ಹೆಚ್ಚುಕಡಿಮೆ ಖಚಿತ, ಅದೂ ಚಿಕ್ಕ ವಯಸ್ಸಿಗೇ. ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಒಟ್ಟು ಆಲ್ಝೈಮರ್ ಪ್ರಕರಣಗಳಲ್ಲಿ ಇದರ ಪಾಲು ಶೇ. 1ಕ್ಕಿಂತ ಕಡಿಮೆ. ಕೊಲಂಬಿಯಾದ ಆಂಟಿಯೋಕಿಯಾ ಪ್ರಾಂತ್ಯದ ಒಂದು ದೊಡ್ಡ ಬಳಗದಲ್ಲಿ ಇಂಥ ಬದಲಾವಣೆ ತಲೆಮಾರುಗಳಿಂದ ಬಂದಿದೆ. ಅವರಿಗೆ 44ರ ಸುಮಾರಿಗೆ ಮರೆವು, 49ರ ಸುಮಾರಿಗೆ ಡಿಮೆನ್ಷಿಯಾ. ಇಷ್ಟು ಖಚಿತ ಇದ್ದರೂ ಆ ಬಳಗದ ಒಬ್ಬ ಮಹಿಳೆ 70 ದಾಟುವ ತನಕ ಚೆನ್ನಾಗಿಯೇ ಇದ್ದರು. ಅವರಲ್ಲಿ ಎಪಿಒಇ ಜೀನಿನ ಅಪರೂಪದ ಇನ್ನೊಂದು ಬದಲಾವಣೆಯ ಎರಡು ಪ್ರತಿಗಳಿದ್ದವು, ಅದೇ ಕಾಪಾಡಿರಬಹುದು ಎಂದು 2019ರಲ್ಲಿ ಸಂಶೋಧಕರು ಬರೆದರು.

ಎರಡು, ಸಾಮಾನ್ಯವಾದದ್ದು. ಅದೇ ಎಪಿಒಇ ಜೀನಿನ ಇ4 ರೂಪ. ಒಂದು ಪ್ರತಿ ಇದ್ದರೆ ಆಲ್ಝೈಮರ್ ಅಪಾಯ ಎರಡು ಮೂರು ಪಟ್ಟು, ಎರಡೂ ಇದ್ದರೆ ಎಂಟರಿಂದ ಹನ್ನೆರಡು ಪಟ್ಟು ಎಂಬ ಅಂದಾಜು ಇದೆ. ಆದರೆ ಇದು ಮುಖ್ಯವಾಗಿ ಯುರೋಪ್ ಮೂಲದವರ ಅಂಕಿ. ಆಫ್ರಿಕಾ ಮೂಲದವರಲ್ಲಿ ಪರಿಣಾಮ ಕಡಿಮೆ, ಪೂರ್ವ ಏಷ್ಯಾದವರಲ್ಲಿ ಜಾಸ್ತಿ. ಇ4 ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಬಂದವರಲ್ಲಿ ಎಷ್ಟೋ ಜನರಿಗೆ ಇ4 ಇರುವುದಿಲ್ಲ.

ಅಪ್ಪನಿಗೆ 80ರ ನಂತರ ಬಂದಿದ್ದರೆ ನಿಮ್ಮ ಅಪಾಯ ಸ್ವಲ್ಪ ಹೆಚ್ಚು ಅಷ್ಟೆ. ಮನೆಯಲ್ಲಿ ಹಲವರಿಗೆ 60ರ ಒಳಗೇ ಬಂದಿದ್ದರೆ ಮಾತ್ರ ಜೆನೆಟಿಕ್ ಕೌನ್ಸೆಲರ್ ಅನ್ನು ಕಾಣುವುದು ಒಳ್ಳೆಯದು.

ರಕ್ತಪರೀಕ್ಷೆ ಬಂದಿದೆಯಂತೆ, ನಿಜವೇ?

ನಿಜ. ಪಿ-ಟೌ217 ಎಂಬ ಪ್ರೊಟೀನಿನ ಪ್ರಮಾಣ ರಕ್ತದಲ್ಲಿ ಏರಿದ್ದರೆ ಮಿದುಳಿನಲ್ಲಿ ಆಲ್ಝೈಮರ್ ಬದಲಾವಣೆ ಇರುವ ಸಾಧ್ಯತೆ ಹೆಚ್ಚು. ಮೊದಲು ಇದಕ್ಕೆ ದುಬಾರಿ ಪೆಟ್ ಸ್ಕ್ಯಾನ್ ಮಾಡಬೇಕಿತ್ತು, ಇಲ್ಲವೇ ಬೆನ್ನುಹುರಿಯ ನೀರು ತೆಗೆಯಬೇಕಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆಯ ಷರತ್ತನ್ನು ಗಮನಿಸಿ: 55 ದಾಟಿದ, ಆಗಲೇ ಮರೆವಿನ ಲಕ್ಷಣ ಇರುವವರಿಗೆ, ತಜ್ಞರ ಕೈಯಲ್ಲಿ. ಆರೋಗ್ಯವಾಗಿರುವವರು 'ಸುಮ್ನೆ ಒಂದ್ಸಲ ನೋಡಿಬಿಡೋಣ' ಎಂದು ಮಾಡಿಸುವುದಕ್ಕಲ್ಲ. ಮೂತ್ರಪಿಂಡ ಸರಿಯಿಲ್ಲದಿದ್ದರೂ ಈ ಪ್ರೊಟೀನ್ ಏರಬಹುದು. ಸಿಸ್ಟರ್‌ಗಳ ಕಥೆಯಲ್ಲಿ ನೋಡಿದ ಹಾಗೆ, ಬದಲಾವಣೆ ಇದ್ದೂ ಕಾಯಿಲೆ ಕಾಣಿಸದೆ ಬದುಕು ಮುಗಿಸುವವರೂ ಇದ್ದಾರೆ.

ಎಐ ನಮ್ಮ ದನಿ ಕೇಳಿಯೇ ಹೇಳಿಬಿಡುತ್ತದಂತೆ?

ಮಾತಿನ ನಡುವಿನ ತಡವರಿಕೆ, ಪದ ಸಿಗದೆ 'ಅದು, ಇದು' ಎನ್ನುವುದು, ಮಿದುಳಿನ ಚಿತ್ರ, ರಕ್ತದ ಪ್ರೊಟೀನುಗಳು ಎಲ್ಲದರ ಮೇಲೂ ಪ್ರಯತ್ನ ನಡೆದಿದೆ. 2024ರಲ್ಲಿ ಯುಕೆ ಬಯೋಬ್ಯಾಂಕಿನ 50,000ಕ್ಕೂ ಹೆಚ್ಚು ಜನರ ರಕ್ತದಲ್ಲಿ 1,400ಕ್ಕೂ ಹೆಚ್ಚು ಪ್ರೊಟೀನುಗಳನ್ನು ಅಳೆದು ನೋಡಿದರು. ಜಿಎಫ್‌ಎಪಿ ಎಂಬ ಒಂದು ಪ್ರೊಟೀನ್ ಕಾಯಿಲೆಗೆ ಹತ್ತು ವರ್ಷ ಮೊದಲೇ ಏರಲು ಶುರುವಾಗಿತ್ತು.

ಆದರೂ 'ಶೇ. 95 ನಿಖರ' ಎಂಬ ತಲೆಬರಹ ಕಂಡರೆ ನಾನು ಮೊದಲು ಹುಡುಕುವುದು, ಬೇರೆ ಊರಿನ, ಬೇರೆ ಭಾಷೆಯ ಜನರ ಮೇಲೆ ಪರೀಕ್ಷಿಸಿದ್ದಾರಾ ಎಂದು. ಕಾಯಿಲೆಯವರ ಗುಂಪಿಗೆ ವಯಸ್ಸು ಹೆಚ್ಚಿದ್ದರೆ ಯಂತ್ರ ಬರೀ ವಯಸ್ಸನ್ನೇ ಕಲಿತಿರುತ್ತದೆ. ಯುಕೆ ಬಯೋಬ್ಯಾಂಕಿಗೂ ಒಂದು ಮಿತಿ ಇದೆ. ಅದಕ್ಕೆ ತಾವಾಗಿ ಬಂದು ಸೇರಿದ 5 ಲಕ್ಷ ಜನ ಸಾಮಾನ್ಯ ಜನರಿಗಿಂತ ಹೆಚ್ಚು ಆರೋಗ್ಯವಂತರು, ಅನುಕೂಲಸ್ಥರು. ಅವರ ಮೇಲೆ ಕಲಿತ ಲೆಕ್ಕ ಉಳಿದವರಿಗೆ ಹಾಗೇ ಒಗ್ಗುವುದಿಲ್ಲ.

ಎಂಸಿಐ ಎಂದು ಬರೆದುಕೊಟ್ಟಿದ್ದಾರೆ. ಮುಂದೆ?

ಎಂಸಿಐ ಎಂದರೆ ವಯಸ್ಸಿಗೆ ಮೀರಿದ ಮರೆವು ಇದೆ, ಆದರೆ ದಿನದ ಕೆಲಸ ನಡೆಯುತ್ತಿದೆ ಎಂದರ್ಥ. ಮರೆವಿನ ಕ್ಲಿನಿಕ್‌ಗಳಿಗೆ ಬರುವ ಇಂಥವರಲ್ಲಿ ವರ್ಷಕ್ಕೆ ಶೇ. 10ರಿಂದ 15 ಜನ ಡಿಮೆನ್ಷಿಯಾ ಕಡೆಗೆ ಸಾಗುತ್ತಾರೆ. ಕೆಲವರು ಹಾಗೇ ಉಳಿಯುತ್ತಾರೆ. ಕೆಲವರು ಮೊದಲಿನಂತಾಗುವುದೂ ಉಂಟು.

ಆದ್ದರಿಂದ ಮೊದಲು ಸರಿಪಡಿಸಬಹುದಾದ ಕಾರಣ ಹುಡುಕಬೇಕು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಮಾತ್ರೆ, ಕೆಲವು ಅಲರ್ಜಿ ಮತ್ತು ಮೂತ್ರಕೋಶದ ಮಾತ್ರೆಗಳು, ಬಿದ್ದು ಪೆಟ್ಟಾಗಿ ತಲೆಯೊಳಗೆ ಸೇರಿದ ರಕ್ತ. ಮಾತ್ರೆಗಳ ಪಟ್ಟಿಯನ್ನು ಡಾಕ್ಟರ ಮುಂದೆ ಇಡಿ, ಆದರೆ ನೀವೇ ನಿಲ್ಲಿಸಬೇಡಿ. ಇನ್ನೊಂದು ಮಾತು: ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಹೆಚ್ಚಾದರೆ ಅದು ಡಿಮೆನ್ಷಿಯಾದ ನಡೆ ಅಲ್ಲ. ಸೋಂಕೋ ಇನ್ನೇನೋ ಇರಬಹುದು, ತಕ್ಷಣ ತೋರಿಸಬೇಕು.

30 ಅಂಕದ ಪರೀಕ್ಷೆಯಲ್ಲಿ ಕಡಿಮೆ ಬಂತು. ಗಾಬರಿ ಆಗಬೇಕಾ?

1975ರ ಎಂಎಂಎಸ್‌ಇ, 2005ರ ಮೊಕಾ, ಎರಡೂ ನೆನಪು, ಯೋಚನೆಯ ಶಕ್ತಿ ಅಳೆಯುವ 30 ಅಂಕದ ಪರೀಕ್ಷೆಗಳು. ಎರಡೂ ಓದು ಬರಹಕ್ಕೆ ಅಂಟಿಕೊಂಡಿವೆ. ಶಾಲೆಗೆ ಹೋಗದವರಿಗೆ ಕಡಿಮೆ ಬರುತ್ತದೆ. ಪ್ರೊಫೆಸರ್ ಒಬ್ಬರಿಗೆ ಕಾಯಿಲೆ ಶುರುವಾಗಿದ್ದರೂ ಚೆನ್ನಾಗಿಯೇ ಬರಬಹುದು. ಕಿವಿ ಕೇಳಿಸದೆ, ಕನ್ನಡಕ ಮರೆತು ಬಂದು ಅಂಕ ಕಳೆದುಕೊಳ್ಳುವವರೂ ಇದ್ದಾರೆ. ಒಂದು ದಿನದ ಅಂಕಕ್ಕಿಂತ, ಒಂದು ವರ್ಷದ ನಂತರ ಅದು ಎಷ್ಟು ಬದಲಾಗಿದೆ ಎಂಬುದು ಹೆಚ್ಚು ಹೇಳುತ್ತದೆ.

ನೆನಪಿನ ಮಾತ್ರೆ, ಗಿಂಕ್ಗೊ, ಪದಬಂಧ?

ಗಿಂಕ್ಗೊ ಎಂಬ ಮರದ ಎಲೆಯ ಸಾರವನ್ನು 3,069 ಜನರ ಮೇಲೆ ಸುಮಾರು ಆರು ವರ್ಷ ನೋಡಿ, 2008ರಲ್ಲಿ ಉಪಯೋಗವಿಲ್ಲ ಎಂದರು. ಪದಬಂಧ ಖುಷಿ ಕೊಟ್ಟರೆ ಬಿಡಿಸಿ. ಅದರಿಂದ ಪದಬಂಧದಲ್ಲಿ ಪಳಗುತ್ತೀರಿ.

ಎಲ್ಲವನ್ನೂ ಒಟ್ಟಿಗೆ ಮಾಡಿದರೆ?

ಇದನ್ನು ಮೊದಲು ದೊಡ್ಡದಾಗಿ ಮಾಡಿ ತೋರಿಸಿದ್ದೂ ಫಿನ್‌ಲೆಂಡಿನವರೇ. ಫಿಂಗರ್ ಎಂಬ ಪ್ರಯೋಗ, 60ರಿಂದ 77 ವಯಸ್ಸಿನ 1,260 ಜನ, ಎರಡು ವರ್ಷ. ಆಹಾರ, ವ್ಯಾಯಾಮ, ಮಿದುಳಿಗೆ ಕಸರತ್ತು, ಬಿಪಿ ಶುಗರ್ ನಿಗಾ. ಸೇರಿಸುವಾಗ ಆಯ್ದುಕೊಂಡದ್ದು ಕೈಡ್ ಸ್ಕೋರ್ 6 ಅಥವಾ ಹೆಚ್ಚು ಇದ್ದವರನ್ನು. ಸ್ಕೋರಿನ ನಿಜವಾದ ಉಪಯೋಗ ಕಾಣುವುದು ಇಲ್ಲಿ. 2015ರ ಫಲಿತಾಂಶದಲ್ಲಿ ಒಟ್ಟು ಪರೀಕ್ಷೆಯ ಅಂಕದ ಸುಧಾರಣೆ, ಬರೀ ಸಲಹೆ ಪಡೆದವರಿಗಿಂತ ಶೇ. 25 ಹೆಚ್ಚಿತ್ತು. ಅಮೆರಿಕದ ಪಾಯಿಂಟರ್ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು, 2,111 ಜನ. ಹೊತ್ತು ಗೊತ್ತು ಹಾಕಿ, ಗುಂಪಿನಲ್ಲಿ ಮಾಡಿಸಿದವರಿಗೆ ತಾವೇ ಮಾಡಿಕೊಂಡವರಿಗಿಂತ ಸ್ವಲ್ಪ ಹೆಚ್ಚು ಲಾಭ ಆಯಿತು. ಎರಡೂ ಪ್ರಯೋಗ ಅಳೆದದ್ದು ಪರೀಕ್ಷೆಯ ಅಂಕವನ್ನು. ಡಿಮೆನ್ಷಿಯಾ ತಪ್ಪಿತಾ ಎಂದು ಹೇಳಲು ಎರಡು ವರ್ಷ ಸಾಲದು.

ನಿದ್ದೆ?

50, 60ರ ವಯಸ್ಸಿನಲ್ಲಿ ಆರು ಗಂಟೆ ಅಥವಾ ಕಡಿಮೆ ಮಲಗುವವರಲ್ಲಿ, ಏಳು ಗಂಟೆ ಮಲಗುವವರಿಗಿಂತ ಮುಂದೆ ಡಿಮೆನ್ಷಿಯಾ ಹೆಚ್ಚು ಎಂದು ವೈಟ್‌ಹಾಲ್ ಅಧ್ಯಯನವೇ 2021ರಲ್ಲಿ ಹೇಳಿತು. ನಿದ್ದೆ ಹೆಚ್ಚಿಸಿದರೆ ಕಾಯಿಲೆ ತಪ್ಪುತ್ತದೆ ಎಂದು ತೋರಿಸುವುದು ಬೇರೆಯೇ ಕೆಲಸ.

ಮೊದಲೇ ಗೊತ್ತಾದರೆ ಮನಸ್ಸು ಕುಸಿಯುವುದಿಲ್ಲವೇ?

ಹೀಗೆಂದು ಸಂಶೋಧಕರೂ ಹೆದರಿದ್ದರು. ರಿವೀಲ್ ಎಂಬ ಅಧ್ಯಯನದಲ್ಲಿ, ಆಲ್ಝೈಮರ್ ಇದ್ದವರ 162 ಮಕ್ಕಳಲ್ಲಿ ಕೆಲವರಿಗೆ ಎಪಿಒಇ ಫಲಿತಾಂಶ ತಿಳಿಸಿದರು, ಕೆಲವರಿಗೆ ತಿಳಿಸಲಿಲ್ಲ. 2009ರ ವರದಿಯ ಪ್ರಕಾರ, ಒಂದು ವರ್ಷದಲ್ಲಿ ಎರಡು ಗುಂಪುಗಳ ಆತಂಕ, ಖಿನ್ನತೆಯಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಆದರೆ ಅವರೆಲ್ಲ ತಾವೇ ತಿಳಿಯಬೇಕೆಂದು ಬಂದವರು, ಜೊತೆಗೆ ಕೌನ್ಸೆಲಿಂಗ್ ಸಿಕ್ಕಿತ್ತು. ಲಾಲಾರಸ ಕಳಿಸಿ ಮೊಬೈಲಿನಲ್ಲಿ ಒಬ್ಬರೇ ಫಲಿತಾಂಶ ತೆರೆಯುವುದು ಅದೇ ಅನುಭವ ಅಲ್ಲ. ನಿಮ್ಮ ಜೀನ್ ಫಲಿತಾಂಶ ನಿಮ್ಮ ಮಕ್ಕಳ, ಒಡಹುಟ್ಟಿದವರ ಬಗ್ಗೆಯೂ ಮಾತಾಡುತ್ತದೆ. ಅವರನ್ನು ಒಂದು ಮಾತು ಕೇಳಿದ್ದೀರಾ?

ಔಷಧಿಯೇ ಇಲ್ಲ ಎಂದಮೇಲೆ ಯಾಕೆ ತಿಳಿಯಬೇಕು?

ಕಾಯಿಲೆ ಗುಣ ಮಾಡುವ ಔಷಧಿ ಇಲ್ಲ. ಅಮಿಲಾಯ್ಡ್ ಗಸಿ ತೆಗೆಯುವ ಲೆಕಾನೆಮ್ಯಾಬ್‌ಗೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಲೆಕಾನೆಮ್ಯಾಬ್ 18 ತಿಂಗಳಲ್ಲಿ ಕುಸಿತದ ವೇಗವನ್ನು ಶೇ. 27 ತಗ್ಗಿಸಿತು. ಆರಂಭದ ಹಂತದವರಿಗೆ ಮಾತ್ರ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಇದೆ, ಇ4ರ ಎರಡು ಪ್ರತಿ ಇರುವವರಿಗೆ ಅದು ಇನ್ನೂ ಜಾಸ್ತಿ. ಮನೆಯವರಿಗೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಆಗುತ್ತದಾ ಎಂಬ ಜಗಳ ವೈದ್ಯರಲ್ಲೇ ನಡೆದಿದೆ.

ಇಂಥ ಅಧ್ಯಯನಕ್ಕೆ ನಾನು ಸೇರಬಹುದೇ?

ಸೇರಬಹುದು, ಮರೆವು ಇಲ್ಲದವರೂ ಬೇಕು. ಒಪ್ಪಿಗೆ ಪತ್ರ ಪೂರ್ತಿ ಓದಿ. ನಿಮ್ಮ ಫಲಿತಾಂಶ ನಿಮಗೆ ಹೇಳುತ್ತಾರಾ, ದತ್ತಾಂಶ ಯಾರ ಕೈಗೆ ಹೋಗುತ್ತದೆ, ನಡುವೆ ಬಿಡಬಹುದಾ ಎಂದು ಕೇಳಿ. ಹಲವು ಕಡೆ ಒಬ್ಬ ಜೊತೆಗಾರರನ್ನೂ ಕರೆತರಲು ಹೇಳುತ್ತಾರೆ. ಗಂಡ, ಹೆಂಡತಿ, ಮಗಳು, ಹಳೆಯ ಸ್ನೇಹಿತ, ಯಾರಾದರೂ ಸರಿ. ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ನಿಮ್ಮ ಬಗ್ಗೆ ಕೇಳುತ್ತಾರೆ. ಒಂದೇ ಕಥೆಯನ್ನು ಎರಡನೇ ಸಲ ಹೇಳುತ್ತಿದ್ದೇವೆ ಎಂದು ಹೇಳುವವರಿಗೆ ಗೊತ್ತಿರುವುದಿಲ್ಲ, ಕೇಳುವವರಿಗೆ ಗೊತ್ತಿರುತ್ತದೆ.